ನಾಬ್ ತಿರುಗಿಸೋದಾ, ಮೌಸ್ ಒತ್ತೋದಾ?

ಇಲ್ಲಿ ಏನಾದರೂ ಬರೆದು ನಾಲ್ಕು ತಿಂಗಳ ಮೇಲಾಯ್ತು. ಒಂದಿಬ್ಬರು ಮೇಲ್ ಮಾಡಿ "ಏನ್ ಸಾರ್, ಅಂಗಡಿ ಬಾಗಿಲು ಹಾಕಿದ್ರಾ?" ಅಂತ ಕೇಳಿದ್ದರು. ಬಾಗಿಲು ಹಾಕಿಲ್ಲ ಮಾರಾಯ್ರೆ. 60,000 ರೂಪಾಯಿಯನ್ನ ಎಲ್ಲಿ ಸುರಿಯೋದು ಅಂತ ತಲೆ ಕೆರ್ಕೊಂಡು ಕೂತಿದ್ದೆ, ಅಷ್ಟೆ.

ಹಳೆಯ ಓದುಗರಿಗೆ ನನ್ನ ಚಟ ಗೊತ್ತು. ಹಗಲೆಲ್ಲ ನಾಗವಾರದ ಕಡೆ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ರಾತ್ರಿ ಜಕ್ಕೂರಿನ ಮನೆಯ ಮಹಡಿ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಟ್ಯೂನ್ ಕಟ್ಟೋದು. ನಾನು ಹಾಡುಗಾರ ಅಲ್ಲ, ವಿದ್ವಾಂಸ ಅಂತೂ ಮೊದಲೇ ಅಲ್ಲ. ಕಟ್ಟಿದ್ದನ್ನ ಕೇಳೋರು ನಾಲ್ಕು ಜನ, ಅದರಲ್ಲಿ ಒಬ್ಬಳು ನನ್ನ ಹೆಂಡತಿ, ಅವಳೂ ಅಡುಗೆ ಮಾಡ್ತಾ ಕೇಳೋದು. ಆದರೂ ಒಂದು ವರ್ಷ ಕೂಡಿಸಿಟ್ಟ ದುಡ್ಡು ಕೈಯಲ್ಲಿದ್ದಾಗ ಮನುಷ್ಯನಿಗೆ ತಾನು ದೊಡ್ಡ ಸಂಗೀತ ನಿರ್ದೇಶಕ ಅನ್ನಿಸಿಬಿಡತ್ತೆ.

ಇದರ ಗಂಧ ಇಲ್ಲದವರಿಗೆ ಎರಡು ಮಾತು. ಎಲೆಕ್ಟ್ರಾನಿಕ್ ಮ್ಯೂಸಿಕ್ ಮಾಡೋಕೆ ಎರಡು ದಾರಿ. ಒಂದು, ಹಾರ್ಡ್‌ವೇರ್. ಅಂದರೆ ಸಿಂಥಸೈಜರು, ಡ್ರಮ್ ಮಷೀನು, ಗ್ರೂವ್‌ಬಾಕ್ಸು. ಮೈತುಂಬ ನಾಬು, ಗುಂಡಿ, ಮಿಣಿಮಿಣಿ ದೀಪ ಇರೋ ಪೆಟ್ಟಿಗೆಗಳು. ಇನ್ನೊಂದು, ಅದೆಲ್ಲವನ್ನೂ ಕಂಪ್ಯೂಟರಿನೊಳಗೆ ಚಿತ್ರವಾಗಿ ತೋರಿಸೋ ಸಾಫ್ಟ್‌ವೇರ್. ಅಲ್ಲೂ ನಾಬ್ ಇರತ್ತೆ, ಆದರೆ ಅದು ನಾಬಿನ ಫೋಟೋ. ಮೌಸ್‌ನಲ್ಲಿ ಹಿಡಿದು ಎಳೀಬೇಕು. ಮದುವೆ ಊಟಕ್ಕೂ ಮದುವೆ ಊಟದ ಆಲ್ಬಮ್ಮಿಗೂ ಇರೋ ವ್ಯತ್ಯಾಸ ಅಂತ ಹಾರ್ಡ್‌ವೇರ್ ಪಕ್ಷದವರು ಹೇಳ್ತಾರೆ. ಆಲ್ಬಮ್ಮಿನಲ್ಲಿ ಒಂದೇ ಲಾಡು ಸಾವಿರ ಸಲ ಸಿಗತ್ತಲ್ಲ ಅಂತ ಸಾಫ್ಟ್‌ವೇರ್ ಪಕ್ಷದವರು.

ನಾನು ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಪಕ್ಷದ ಕಟ್ಟಾ ಕಾರ್ಯಕರ್ತ. ಲೆಕ್ಕ ಸರಳ. ಹೊರದೇಶದ ಒಂದು ಒಳ್ಳೇ ಪೆಟ್ಟಿಗೆ, ಕಸ್ಟಮ್ಸು, ಜಿಎಸ್‌ಟಿ ಎಲ್ಲ ಸೇರಿ ಇಲ್ಲಿಗೆ ಬರೋ ಹೊತ್ತಿಗೆ ಅಲ್ಲಿನ ಬೆಲೆ ಮರೆತೇ ಹೋಗಿರತ್ತೆ. ಅದೇ ರೀಪರ್ ಅನ್ನೋ ತಂತ್ರಾಂಶ 60 ದಿನ ಬಳಸಿ ನೋಡಿ, ಇಷ್ಟ ಆದ್ರೆ 60 ಡಾಲರ್ ಕೊಡಿ ಅನ್ನತ್ತೆ. ಸರ್ಜ್, ವೈಟಲ್ ಥರದ ಸಾಫ್ಟ್‌ವೇರ್ ಸಿಂಥ್‌ಗಳು ಬಿಟ್ಟಿ ಸಿಗತ್ತೆ. ಬಿಟ್ಟಿ ಸಿಕ್ಕರೆ ನನಗೊಂದು ನನ್ನ ಭಾವನಿಗೊಂದು ಅನ್ನೋ ಜಾತಿಯವನು ನಾನು. ಹಾಗಿದ್ದೂ ಈ ಸಲ ಯಾಕೋ ಪೆಟ್ಟಿಗೆ ಬೇಕು ಅನ್ನಿಸಿತು. ದಿನಕ್ಕೆ ಒಂಬತ್ತು ಗಂಟೆ ಪರದೆ ನೋಡಿ ಬಂದು ಮತ್ತೆ ಪರದೆ ಮುಂದೆ ಕೂರೋಕೆ ಬೇಜಾರು. ರಾತ್ರಿಯಿಡೀ ಯೂಟ್ಯೂಬಿನಲ್ಲಿ ಯಾರೋ ಗಡ್ಡದವರು ನಾಬ್ ತಿರುಗಿಸೋದನ್ನ ನೋಡಿ ನೋಡಿ ಪಕ್ಷಾಂತರಕ್ಕೆ ತಯಾರಾದೆ.

ಪೆಟ್ಟಿಗೆಗಳ ಕಥೆ ನಿಜಕ್ಕೂ ಮೋಹಕ. ಮುಂಬೈನ ಚರಣ್‌ಜಿತ್ ಸಿಂಗ್ ಅಂತ ಒಬ್ಬರಿದ್ದರು, ಹಿಂದಿ ಸಿನಿಮಾ ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಪೆಟ್ಟಿಗೆ ಇಟ್ಟುಕೊಂಡು (ಟಿಬಿ-303, ಟಿಆರ್-808, ಜುಪಿಟರ್-8) ಹತ್ತು ರಾಗಗಳನ್ನ ಡಿಸ್ಕೋ ತಾಳಕ್ಕೆ ಕೂರಿಸಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಆ ರೆಕಾರ್ಡ್ ಮತ್ತೆ ಹೊರಬಂದಾಗ ಪಶ್ಚಿಮದವರು ಬೆಚ್ಚಿಬಿದ್ದರು. ಶಿಕಾಗೋದಲ್ಲಿ ಆಸಿಡ್ ಹೌಸ್ ಅಂತ ಹುಟ್ಟಿದ ಶಬ್ದವನ್ನ ಈ ಮನುಷ್ಯ ಐದು ವರ್ಷ ಮೊದಲೇ ಭೈರವ್ ರಾಗದಲ್ಲಿ ಮಾಡಿಟ್ಟಿದ್ದಾನಲ್ಲ ಅಂತ. ಅವರು 2015ರಲ್ಲಿ ತೀರಿಕೊಂಡರು. ಟಿಬಿ-303 ಅನ್ನೋದು ಬೇಸ್ ಗಿಟಾರ್ ನುಡಿಸೋರು ಸಿಗದಿದ್ದಾಗ ಬಳಸೋಕೆ ಅಂತ ಮಾಡಿದ್ದು. ಮಾರಾಟ ಆಗದೆ ಮೂರೇ ವರ್ಷಕ್ಕೆ ಕಂಪನಿ ನಿಲ್ಲಿಸಿಬಿಟ್ಟಿತು. ಆದರೆ ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿದರೆ ಬರೋ ಆ ಜಾರು ಇದೆಯಲ್ಲ, ನಮ್ಮ ಮೀಂಡಿಗೆ ತೀರಾ ದೂರದ್ದಲ್ಲ.

ಬೆಂಗಳೂರೂ ಕಮ್ಮಿ ಇಲ್ಲ ಬಿಡಿ. ಇಂಡಿಯನ್ ಸೋನಿಕ್ ರಿಸರ್ಚ್ ಆರ್ಗನೈಸೇಷನ್ ಅಂತ ಹೆಸರಿಟ್ಟುಕೊಂಡು ತಾವೇ ವಾದ್ಯ ಕಟ್ಟಿದವರು ಇಲ್ಲಿದ್ದಾರೆ. ಮೊದಲಕ್ಷರ ಕೂಡಿಸಿ ಓದಿ ನೋಡಿ :-)

ಇರಲಿ. ಪಕ್ಷಾಂತರ ಮಾಡೋಕೆ ಮೊದಲು ಎರಡೂ ಪಕ್ಷ ನನಗೆ ಹಿಂದೆ ಏನೇನು ಮಾಡಿತ್ತು ಅಂತ ನೆನಪು ಮಾಡಿಕೊಳ್ಳಬೇಕಾಯ್ತು.

2011ರಲ್ಲಿ ಒಂದು ಹಳೇ ಕೀಬೋರ್ಡ್ ತಗೊಂಡಿದ್ದೆ. ಗಣೇಶನ ಹಬ್ಬ, ರಾಜ್ಯೋತ್ಸವ ಅಂತ ಯಶವಂತಪುರದ ಬೀದಿಬೀದಿಗಳಲ್ಲಿ ಆರ್ಕೆಸ್ಟ್ರಾ ನುಡಿಸಿ ದಣಿದಿದ್ದ ವಾದ್ಯ. ಅದರ ಮೈಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿ ಯಾವ ಹಾಡಿಗೆ ಯಾವ ನಂಬರ್ ಅಂತ ಬರೆದಿದ್ದರು. ನಾನು ಆರು ತಿಂಗಳು ಕೂತು ನಲವತ್ತು ಶಬ್ದಗಳನ್ನ ನನ್ನದೇ ಅಂತ ಮಾಡಿ ಅದರೊಳಗೆ ಉಳಿಸಿದೆ. ಒಂದು ದಿನ ಆನ್ ಮಾಡಿದ್ರೆ ಎಲ್ಲಾ ಮಾಯ. ಒಳಗೆ ನಾಲ್ಕಾಣೆ ಬಿಲ್ಲೆಯಷ್ಟು ದೊಡ್ಡ ಒಂದು ಬ್ಯಾಟರಿ ಇರತ್ತೆ, ನೆನಪು ಉಳಿಯೋದು ಅದರಿಂದ, ಅದು ಸತ್ತರೆ ನೆನಪೂ ಸತ್ತ ಹಾಗೆ ಅಂತ ನನಗೆ ಆವತ್ತು ಗೊತ್ತಾಯ್ತು. ಎಸ್ಪಿ ರೋಡಿನಲ್ಲಿ ಒಬ್ಬ ಹುಡುಗ ಹತ್ತು ನಿಮಿಷದಲ್ಲಿ ಹೊಸ ಬ್ಯಾಟರಿ ಹಾಕಿಕೊಟ್ಟ. ನಲವತ್ತು ಶಬ್ದ ಮಾತ್ರ ಅವನಿಗೂ ಹಾಕೋಕೆ ಬರಲಿಲ್ಲ.

ಸಾಫ್ಟ್‌ವೇರಿನ ಕಥೆ ಇನ್ನೂ ಬೇಜಾರಿನದ್ದು. 2009ರಲ್ಲಿ ಅಮ್ಮ ಹಾಡಿದ ಒಂದು ಉಗಾಭೋಗವನ್ನ ಇಟ್ಟುಕೊಂಡು ಒಂದು ಟ್ಯೂನ್ ಕಟ್ಟಿದ್ದೆ. ಆಗ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಕದ್ದ ಮಾಲು, ಒಪ್ಕೋತೀನಿ. ಕಳೆದ ವರ್ಷ ಅದನ್ನ ತೆಗೆಯೋಣ ಅಂತ ಹೋದರೆ, ಯೋಜನೆ ಫೈಲ್ ತೆರೆಯಿತು, ಒಳಗೆ ಹೂರಣ ಇಲ್ಲ. ಆ ಕಾಲದ 32 ಬಿಟ್ ಪ್ಲಗಿನ್‌ಗಳು ಈಗಿನ ಕಂಪ್ಯೂಟರಿನಲ್ಲಿ ನಿಲ್ಲೋದಿಲ್ಲ, ಕದ್ದದ್ದನ್ನ ಮತ್ತೆ ಯಾರ ಹತ್ರ ಕೇಳೋದು? ಅಮ್ಮನ ದನಿ ಒಂದು ಪ್ಲಗಿನ್ನಿನ ಹೊಟ್ಟೆಯೊಳಗೆ ಇತ್ತು. ನಾನು ಅದನ್ನ ಬೇರೆ ಫೈಲಾಗಿ ಎತ್ತಿಟ್ಟಿರಲಿಲ್ಲ. ಉಳಿದದ್ದು ಫೋನಿಗೆ ಅಂತ ಮಾಡಿಕೊಂಡಿದ್ದ, ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳೋ, ಒಂದು ನಿಮಿಷದ ತುಣುಕು. ಟೆಸ್ಟಿಂಗ್ ಕೆಲಸದಲ್ಲಿ ದಿನಾ ಇನ್ನೊಬ್ಬರಿಗೆ ಬ್ಯಾಕಪ್ ಪಾಠ ಹೇಳೋನು ನಾನು.

ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಡೇವಿಡ್ ಟ್ಯೂಡರ್ ಅನ್ನೋ ಅಮೆರಿಕದ ಸಂಗೀತಗಾರ ಬಂದು ಮೂಗ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಎಸ್. ಸಿ. ಶರ್ಮ ಮುಂತಾದವರು ಅಲ್ಲಿ ಸಂಗೀತ ಮಾಡಿದರು. ನಾಲ್ಕೈದು ವರ್ಷದಲ್ಲಿ ಸ್ಟುಡಿಯೋ ನಿಂತುಹೋಯ್ತು. ಆದರೆ ಟೇಪುಗಳು ಕಪಾಟಿನಲ್ಲೇ ಇದ್ದವು. 2017ರಲ್ಲಿ ಪಾಲ್ ಪರ್ಗಸ್ ಅನ್ನೋ ಕಲಾವಿದ ಹುಡುಕಿ ತೆಗೆದರು, 2023ರಲ್ಲಿ ರೆಕಾರ್ಡ್ ಆಗಿ ಹೊರಬಂತು. ಅದನ್ನ ಕೇಳ್ತಾ ನನಗೆ ಹೊಟ್ಟೆಕಿಚ್ಚಾಯ್ತು. ಅವರ ಟೇಪಿನಲ್ಲಿ ಇದ್ದದ್ದು ಬರೀ ಶಬ್ದ, ಅದಕ್ಕೆ ಪ್ಲಗಿನ್ ಬೇಕಿಲ್ಲ, ಲೈಸೆನ್ಸ್ ಬೇಕಿಲ್ಲ. ಐವತ್ತು ವರ್ಷ ಆದ್ರೂ ಹಾಡಿತು. ನನ್ನ ಅಮ್ಮನ ದನಿ ಹದಿನೈದು ವರ್ಷ ಬಾಳಲಿಲ್ಲ.

ಈಗ ಅಮ್ಮನ ವಿಷಯಕ್ಕೆ ಬರಬೇಕು. ನಾಲ್ಕು ತಿಂಗಳು ಬರೆಯದೆ ಇದ್ದದ್ದಕ್ಕೆ ನಿಜವಾದ ಕಾರಣ ಇದೇ, 60,000 ಅನ್ನೋದು ನೆಪ.

ಅಮ್ಮ ಮೂವತ್ತು ವರ್ಷ ಮನೆಯಲ್ಲಿ ಮಕ್ಕಳಿಗೆ ದೇವರನಾಮ ಹೇಳಿಕೊಟ್ಟವಳು. ಜಕ್ಕೂರಿನಲ್ಲಿ ದ್ರಾಕ್ಷಿ ತೋಟ ಇದ್ದ ಕಾಲದಿಂದ, ವಿಮಾನ ನಿಲ್ದಾಣದ ರಸ್ತೆ ಅಂತ ಹೆಸರು ಬೀಳೋಕೆ ಮೊದಲಿನಿಂದ. ಅವಳ ಪಕ್ಕ ಯಾವಾಗಲೂ ಒಂದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ನಮ್ಮಲ್ಲಿ ಎಲೆಕ್ಟ್ರಾನಿಕ್ ಮ್ಯೂಸಿಕ್ ಅಂದರೆ ಕೋರಮಂಗಲದ ಪಬ್ಬು, ಡಿಜೆ ಅಂದುಕೊಳ್ತೀವಿ. ಮನೆಮನೆಯ ದೇವರಕೋಣೆಗೆ ಮೊದಲು ಬಂದ ಎಲೆಕ್ಟ್ರಾನಿಕ್ ವಾದ್ಯ ಶ್ರುತಿ ಪೆಟ್ಟಿಗೆ! ನಮ್ಮ ಬೆಂಗಳೂರಿನವರೇ ಆದ ಜಿ. ರಾಜ್ ನಾರಾಯಣ್, ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ನುಡಿಸುವವರು, 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ರೇಡೆಲ್ ಅನ್ನೋ ಹೆಸರನ್ನ ಸಂಗೀತ ಪಾಠಕ್ಕೆ ಹೋದವರೆಲ್ಲ ಕೇಳಿರ್ತೀರಿ. ವಿಮಾನದ ಕಾರ್ಖಾನೆಯಿಂದ ತಂಬೂರಿ ಬಂತು ಅನ್ನೋದು ಏರೋಡ್ರೋಮ್ ಪಕ್ಕ ಮನೆ ಇರೋ ನನಗೆ ಬಹಳ ಇಷ್ಟದ ವಿಚಾರ.

ಎರಡು ವರ್ಷದ ಹಿಂದೆ ಅಮ್ಮನಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಯ್ತು. ಬಲಗೈ ನಡುಗತ್ತೆ. ಅದು ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಏನಂದರೆ ಆ ಕಾಯಿಲೆ ದನಿಯನ್ನೂ ಮೆತ್ತಗೆ ಮಾಡತ್ತೆ ಅನ್ನೋದು. ಮೊದಲು ಕೆಳಗಿನ ಕೋಣೆಯಿಂದ ಕೂಗಿದರೆ ಮಹಡಿಗೆ ಕೇಳ್ತಿತ್ತು, ಈಗ ಪಕ್ಕ ಕೂತರೂ "ಏನಮ್ಮ?" ಅನ್ನಬೇಕು. ಅವಳಿಗೆ ಮಾತ್ರ ತಾನು ಸರಿಯಾಗೇ ಮಾತಾಡ್ತಿದ್ದೀನಿ, ಇವನಿಗೇ ಕಿವಿ ಹೋಗಿದೆ ಅಂತ. ಬೆಳಿಗ್ಗೆ ಮಾತ್ರೆ ತಗೊಂಡು ಮುಕ್ಕಾಲು ಗಂಟೆ ಆದಮೇಲೆ ಒಂದು ಒಳ್ಳೇ ಹೊತ್ತು ಬರತ್ತೆ. ಕೈ ನಿಲ್ಲತ್ತೆ, ದನಿ ಏಳತ್ತೆ. ಅಷ್ಟರಲ್ಲಿ ಅವಳು ಎರಡು ಹಾಡು ಹಾಡ್ತಾಳೆ. ಹಿಂದೆ ಐದೂವರೆ ಶ್ರುತಿಗೆ ಹಾಡ್ತಿದ್ದವಳು ಈಗ ನಾಲ್ಕೂವರೆ. ಕೆಲವು ದಿನ ನಾಲ್ಕಕ್ಕೂ ನಾಲ್ಕೂವರೆಗೂ ನಡುವೆ ಎಲ್ಲೋ. ಹಾರ್ಮೋನಿಯಂನಲ್ಲಿ ಆ ಜಾಗಕ್ಕೆ ಮನೆಯೇ ಇಲ್ಲ.

ಶ್ರುತಿ ಪೆಟ್ಟಿಗೆ ಹಳತಾಯ್ತು, ನಾಬ್ ತಿರುಗಿಸಿದರೆ ಬರಬರ ಅನ್ನತ್ತೆ ಅಂತ ನಾನು, ಸಾಫ್ಟ್‌ವೇರ್ ಪಕ್ಷದ ಕಾರ್ಯಕರ್ತ, ಒಂದು ಟ್ಯಾಬ್ಲೆಟ್ ತಂದು ತಂಬೂರಿ ಆ್ಯಪ್ ಹಾಕಿಕೊಟ್ಟೆ. ನಿಜ ಹೇಳ್ತೀನಿ, ಶಬ್ದ ಪೆಟ್ಟಿಗೆಗಿಂತ ಎಷ್ಟೋ ಚೆನ್ನಾಗಿತ್ತು. ನಿಜವಾದ ತಂಬೂರಿಯ ತಂತಿ ಮೀಟಿ ರೆಕಾರ್ಡ್ ಮಾಡಿದ್ದು. ಜವಾರಿ ಕೂಡ ಕೇಳತ್ತೆ. ಶ್ರುತಿಯನ್ನ ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಅಮ್ಮ ಕೇಳಿ "ಚೆನ್ನಾಗಿದೆ ಕಣೋ" ಅಂದಳು. ಆಮೇಲೆ ಶ್ರುತಿ ಇಳಿಸೋಕೆ ಬೆರಳು ಇಟ್ಟಳು. ಬೆರಳು ನಡುಗಿತು. ಗಾಜಿನ ಮೇಲೆ ಆ ನಡುಕ ಒಂದೊಂದೂ ಒಂದೊಂದು ಒತ್ತು. ಶ್ರುತಿ ಕುದುರೆ ಹಾಗೆ ಹಾರಿತು. ಇನ್ನೊಂದು ಸಲ ಇಟ್ಟಳು, ಆ್ಯಪ್ ಮುಚ್ಚಿಕೊಂಡಿತು. ಮೂರನೇ ಸಲಕ್ಕೆ ಜಾಹೀರಾತು ಬಂತು, ಯಾರೋ ಮ್ಯೂಚುವಲ್ ಫಂಡ್ ತಗೊಳ್ಳಿ ಅಂತಿದ್ದ. ಅಮ್ಮ ಟ್ಯಾಬ್ಲೆಟ್ಟನ್ನ ಮಗುಚಿಟ್ಟು ಹಳೇ ಪೆಟ್ಟಿಗೆಯನ್ನ ಎಳೆದುಕೊಂಡಳು. ಐದೂ ಬೆರಳು ಸೇರಿಸಿ ನಾಬನ್ನ ಗಟ್ಟಿಯಾಗಿ ಹಿಡಿದಳು. ನಡುಗೋ ಕೈಗೆ ಆ ನಾಬು ಒಂದು ಆಧಾರ. ಅದು ಬಿಗಿ ಇದೆ, ತಿರುಗೋಕೆ ಸ್ವಲ್ಪ ಹಟ ಮಾಡತ್ತೆ, ಆ ಹಟದಲ್ಲಿ ನಡುಕ ಸೋಲತ್ತೆ. ಬರಬರ ಅಂದುಕೊಂಡೇ ಶ್ರುತಿ ನಾಲ್ಕಕ್ಕೂ ನಾಲ್ಕೂವರೆಗೂ ನಡುವೆ ಬಂದು ಕೂತಿತು. ಅಮ್ಮ ಕಣ್ಣು ಮುಚ್ಚಿ ಸಾ ಹಿಡಿದಳು.

ನಾನು ಅಷ್ಟು ವರ್ಷ ವಾದ ಮಾಡಿದ್ದು ಯಾವುದರ ಶಬ್ದ ಚೆನ್ನ ಅಂತ. ಅನಲಾಗ್ ಬೆಚ್ಚಗೆ ಇರತ್ತಾ, ಡಿಜಿಟಲ್ ತಣ್ಣಗಾ ಅಂತ ಗಂಟೆಗಟ್ಟಲೆ ಜಗಳ ಆಡಿದ್ದೀನಿ. ಕಣ್ಣು ಮುಚ್ಚಿ ಕೇಳಿಸಿದರೆ ನನಗೇ ವ್ಯತ್ಯಾಸ ಗೊತ್ತಾಗಲ್ಲ ಅಂತ ಇಲ್ಲಿ ಮಾತ್ರ ಹೇಳ್ತೀನಿ.

ಹಾಗಿದ್ರೆ ಗ್ರೂವ್‌ಬಾಕ್ಸ್ ತಗೊಂಡೆ ಅಂತ ನೀವು ಅಂದುಕೊಂಡಿರ್ತೀರಿ. ಇಲ್ಲ. ತಗೊಳ್ಳೋಕೆ ಅಂತ ಬುಟ್ಟಿಗೆ ಹಾಕಿ ಕಾರ್ಡ್ ನಂಬರೂ ತುಂಬಿಸಿದ್ದೆ. ಅವತ್ತು ಬೆಳಿಗ್ಗೆ ಅಮ್ಮ ಹಾಡ್ತಾ ಚರಣದ ನಡುವೆ ನಿಲ್ಲಿಸಿ, "ಇದರ ಮುಂದಿನದು ನಿನಗೆ ಬರತ್ತೇನೋ?" ಅಂತ ಕೇಳಿದಳು. ನನಗೆ ಬರ್ತಿರಲಿಲ್ಲ. ಅವಳಿಗೆ ನೆನಪಿತ್ತು, ಸುಮ್ಮನೆ ಪರೀಕ್ಷೆ. ಅವಳ ಗುರುಗಳು ಬಾಯಿಂದ ಬಾಯಿಗೆ ಹೇಳಿಕೊಟ್ಟ ಧಾಟಿ ಅದು, ಸ್ವರಪ್ರಸ್ತಾರ ಹಾಕಿ ಬರೆದದ್ದು ಎಲ್ಲೂ ಇಲ್ಲ.

ಬುಟ್ಟಿ ಖಾಲಿ ಮಾಡಿದೆ.

ಒಂದು ಆಡಿಯೋ ಇಂಟರ್ಫೇಸ್, ಒಂದು ಡೈನಾಮಿಕ್ ಮೈಕು, ರೀಪರ್‌ಗೆ ದುಡ್ಡು ಕೊಟ್ಟು ತಗೊಂಡ ಲೈಸೆನ್ಸು (ಅಂತೂ!), ಹಳೇ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ. ಎಲ್ಲಾ ಸೇರಿ 35,000 ಆಯ್ತು. ಗೊತ್ತಿರೋ ಒಬ್ಬರು ಕಂಡೆನ್ಸರ್ ಮೈಕ್ ತಗೋ, ದನಿ ಸ್ಫಟಿಕದ ಹಾಗೆ ಬರತ್ತೆ ಅಂದರು. ಬರತ್ತೆ, ಜೊತೆಗೆ ಜಕ್ಕೂರೂ ಬರತ್ತೆ. ಕೆರೆ ಕಡೆಯ ನಾಯಿ, ಪಕ್ಕದ ಸೈಟಿನ ಕಲ್ಲು ಕೊಯ್ಯೋ ಮಷೀನು, ತಲೆ ಮೇಲೆ ಸಣ್ಣ ವಿಮಾನ. ಯಲಹಂಕದ ಏರ್ ಶೋ ತಾಲೀಮಿನ ವಾರವಂತೂ ಕೇಳಲೇಬೇಡಿ. ಡೈನಾಮಿಕ್ ಮೈಕ್ ಹತ್ತಿರದ್ದನ್ನ ಮಾತ್ರ ಚೆನ್ನಾಗಿ ಹಿಡಿಯತ್ತೆ, ಬಡವರ ಮನೆಯ ಸ್ಟುಡಿಯೋಗೆ ಅದೇ ಸರಿ. ಮೆತ್ತಗಿನ ದನಿಗೆ ಮೈಕನ್ನ ಬಾಯಿಗೆ ನಾಲ್ಕು ಬೆರಳಷ್ಟು ಹತ್ತಿರ ತರಬೇಕು, ಅಷ್ಟೆ.

ಮೊದಲ ದಿನ ಒಂದು ಅವಾಂತರ ಆಯ್ತು. ಅಮ್ಮನಿಗೆ ಹೆಡ್‌ಫೋನ್ ಹಾಕಿ ಅವಳ ದನಿಯನ್ನ ಕಂಪ್ಯೂಟರಿನಿಂದ ವಾಪಸ್ ಕೇಳಿಸಿದೆ. ಒಂದು ಸಾಲು ಹಾಡಿ ಹೆಡ್‌ಫೋನ್ ಕಿತ್ತಿಟ್ಟಳು. "ಯಾರೋ ಹಿಂದೆ ಕೂತು ಅಣಕಿಸ್ತಿದ್ದಾರೆ." ಲೇಟೆನ್ಸಿ ಅಂತಾರೆ ಇದನ್ನ. ಕಂಪ್ಯೂಟರು ಶಬ್ದವನ್ನ ತುಣುಕು ತುಣುಕಾಗಿ ಶೇಖರಿಸಿಕೊಂಡು ಆಮೇಲೆ ಕೊಡತ್ತೆ. ಸೆಕೆಂಡಿಗೆ 44,100 ತುಣುಕು, ಒಂದು ಸಲಕ್ಕೆ 1024 ಶೇಖರಿಸಿದರೆ 23 ಮಿಲಿಸೆಕೆಂಡ್ ತಡ. ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 8 ಮೀಟರ್ ಹೋಗಿರತ್ತೆ. ಅಂದರೆ ಅಮ್ಮ ಹಜಾರದಲ್ಲಿ ಹಾಡಿ ತನ್ನ ದನಿಯನ್ನ ಬೀದಿಯಿಂದ ಕೇಳಿಸಿಕೊಂಡ ಹಾಗೆ. ಒಳಗೆ ಹೋಗೋದು, ಹೊರಗೆ ಬರೋದು ಎರಡೂ ಸೇರಿದರೆ ಇನ್ನೂ ಜಾಸ್ತಿ. ಇಂಟರ್ಫೇಸಿನ ಮೇಲೆ ಒಂದು ಗುಂಡಿ ಇರತ್ತೆ, ಅದನ್ನ ಒತ್ತಿದರೆ ಮೈಕಿನ ಶಬ್ದ ಕಂಪ್ಯೂಟರನ್ನ ಕೇಳದೆ ನೇರವಾಗಿ ಹೆಡ್‌ಫೋನಿಗೆ ಹೋಗತ್ತೆ. ಒತ್ತಿದೆ. ಕೊನೆಗೂ ಸಾಫ್ಟ್‌ವೇರಿನ ಸಮಸ್ಯೆಗೆ ಒಂದು ಪುಟ್ಟ ಹಾರ್ಡ್‌ವೇರ್ ಗುಂಡಿಯೇ ಬೇಕಾಯ್ತು ನೋಡಿ.

ಶ್ರುತಿಗೆ ಅದೇ ಬರಬರ ಪೆಟ್ಟಿಗೆ. ಅದರ ಶಬ್ದವನ್ನ ಬೇರೆ ತಂತಿಯಲ್ಲಿ ಬೇರೆ ಟ್ರ್ಯಾಕಿಗೆ ತಗೋತೀನಿ. ಅಮ್ಮ ಆವತ್ತಿನ ಗಂಟಲಿಗೆ ತಕ್ಕ ಹಾಗೆ ಇಟ್ಟುಕೊಳ್ತಾಳೆ, ನಾನು ಮುಟ್ಟಲ್ಲ. ಕಂಪ್ಯೂಟರಿನ ಸಿಂಥ್‌ಗಳನ್ನ ಆಮೇಲೆ ಅವಳ ಶ್ರುತಿಗೆ ನಾನು ಇಳಿಸಿಕೊಳ್ತೀನಿ, ಅದಕ್ಕೆ ಮೌಸ್ ಸಾಕು, ನನ್ನ ಕೈ ಇನ್ನೂ ನೆಟ್ಟಗಿದೆ. ಒಂದು ಕಷ್ಟ ಉಂಟು. ಮಿಡಿ ಅನ್ನೋ ಭಾಷೆಯಲ್ಲಿ (1983ರದ್ದು, ಇವತ್ತಿಗೂ ವಾದ್ಯಗಳು ಮಾತಾಡೋದು ಅದರಲ್ಲೇ) ಒಂದು ಚಾನೆಲ್ಲಿನಲ್ಲಿ ಒಂದು ಸ್ವರವನ್ನ ಬಗ್ಗಿಸಿದರೆ ಆ ಚಾನೆಲ್ಲಿನ ಎಲ್ಲಾ ಸ್ವರವೂ ಬಗ್ಗತ್ತೆ. ಗಮಕ ಹಾಕೋಕೆ ಹೋದರೆ ಹಿಂದಿನ ಪಂಚಮವೂ ತೂರಾಡತ್ತೆ. ಅದಕ್ಕೆ ಪರಿಹಾರ ಅಂತ 2018ರಲ್ಲಿ ಎಂಪಿಇ ಅನ್ನೋ ಹೊಸ ಕ್ರಮ ಬಂತು, ಒಂದೊಂದು ಸ್ವರಕ್ಕೆ ಒಂದೊಂದು ಚಾನೆಲ್. ಅದು ಇನ್ನೊಂದು ಪೋಸ್ಟಿಗೆ ಆಗುವಷ್ಟು ಇದೆ, ಬಿಡಿ.

ಪ್ರತಿ ದಿನ ಮುಗಿದ ಮೇಲೆ ಮೊದಲು ಮಾಡೋ ಕೆಲಸ, ಅಮ್ಮನ ದನಿಯನ್ನ ಬರೀ ವೇವ್ ಫೈಲಾಗಿ, ಯಾವ ಅಲಂಕಾರನೂ ಇಲ್ಲದೆ, ಎರಡು ಕಡೆ ಎತ್ತಿಡೋದು. ಟ್ಯೂನು ಗೀನು ಆಮೇಲೆ. ಮೂರು ವಾರದಲ್ಲಿ ಹನ್ನೊಂದು ಹಾಡು ಆಗಿದೆ. ಅವಳ ನೋಟ್‌ಬುಕ್ಕಿನಲ್ಲಿ ಇನ್ನೂ ಎಂಬತ್ತು ಚಿಲ್ಲರೆ ಇವೆ.

ಮೊನ್ನೆ ಏಳನೇ ಹಾಡಿನ ಪಲ್ಲವಿಯಲ್ಲಿ ಸರಿಯಾಗಿ ಏರೋಡ್ರೋಮ್ ಕಡೆಯಿಂದ ಒಂದು ತರಬೇತಿ ವಿಮಾನ ಎದ್ದಿತು. ಮೈಕಿನ ಹತ್ತಿರ ಬಾಯಿ ಇದ್ದರೂ ಸಣ್ಣಗೆ ಗುಂಯ್ ಅಂತ ಒಳಗೆ ಬಂತು. ಅಮ್ಮನ ಒಳ್ಳೇ ಹೊತ್ತೂ ಅವರ ಹಾರಾಟದ ಹೊತ್ತೂ ಒಂದೇ, ಏನು ಮಾಡೋದು. ಇನ್ನೊಂದು ಸಲ ಹಾಡಿಸೋಣ ಅಂದುಕೊಂಡೆ, ಆದರೆ ಅವಳ ಕೈ ಆಗಲೇ ನಡುಗೋಕೆ ಶುರುವಾಗಿತ್ತು. ರೆಕಾರ್ಡ್ ಹಾಕಿ ಕೇಳಿಸಿದೆ. ತಲೆ ಓರೆ ಮಾಡಿಕೊಂಡು ಪೂರ್ತಿ ಕೇಳಿದಳು. ಕೇಳಿ, "ಪಂಚಮ ಹಿಡಿದಿದ್ದು ಯಾರೋ? ಸ್ವಲ್ಪ ಇಳಿದಿದೆ, ಆದ್ರೂ ಪರವಾಗಿಲ್ಲ" ಅಂದಳು.

ಅದನ್ನ ಹಾಗೇ ಬಿಟ್ಟಿದ್ದೀನಿ. ಉಳಿದ 25,000 ಸದ್ಯಕ್ಕೆ ಬ್ಯಾಂಕಿನಲ್ಲೇ ಇದೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಎಂಟು ನಾಬ್ ಇರೋ ಹಳೇ ಮಿಡಿ ಕಂಟ್ರೋಲರ್ ಮೂಲೆ ಸೇರಿದ್ದರೆ ಒಂದು ಕಾಮೆಂಟ್ ಹಾಕಿ. ನಾಬ್ ಬಿಗಿ ಇರೋದಾದ್ರೆ ಒಳ್ಳೇದು.